ನೆಲವಿಲ್ಲದ ಕಾರು

ಜುಲೈ 7, ಭಾನುವಾರ

ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತು ಬರೆಯಲು ವಿಷಯವೂ ಸಿಕ್ಕಿತು, ಒಂದೇ ಕಡೆ ಕೂರಬೇಕಾದ ಕಾರಣವೂ ಸಿಕ್ಕಿತು.

ಬೆಳಿಗ್ಗೆ ಎಂಟೂವರೆಗೆ, ಪ್ರತಿ ಭಾನುವಾರದಂತೆ, ನನ್ನ 1951ರ ಎಂ.ಜಿ. ಕಾರನ್ನು ಪೈಪು ಹಿಡಿದು ತೊಳೆದು, ಒರೆಸಿ, ಒಂದು ಸುತ್ತು ಹೋಗಿ ಬರಲು ಹೊರಟೆ. ಸರಸ್ವತಿಪುರಂನಲ್ಲಿ ಇಂಥ ಕಾರು ಇನ್ನೊಂದಿಲ್ಲ. ಎರಡೇ ಸೀಟು, ಉದ್ದ ಮೂತಿ, ಮಡಿಸಿಡುವ ಬಟ್ಟೆಯ ಚಾವಣಿ. ಮೈಯೆಲ್ಲ ತಗಡಿನದಾದರೂ ಕಾಲಿಡುವ ನೆಲ ಮರದ ಹಲಗೆಯದು. ಆ ಕಾಲದ ಸ್ಪೋರ್ಟ್ಸ್ ಕಾರುಗಳಲ್ಲಿ ಹಾಗಿರುತ್ತಿತ್ತು ಎಂದು ನೋಡಲು ಬಂದವರಿಗೆಲ್ಲ ವಿವರಿಸಿದ್ದೇನೆ. ಮರ ಎಂದರೆ ಕೊಳೆಯುವ ವಸ್ತು ಎಂಬುದನ್ನು ಮಾತ್ರ ಅಷ್ಟಾಗಿ ಯೋಚಿಸಿರಲಿಲ್ಲ.

ಅಗ್ನಿಶಾಮಕ ಠಾಣೆಯ ಹತ್ತಿರ ಮುಂದಿದ್ದ ಸಿಟಿ ಬಸ್ಸು ಗಕ್ಕನೆ ನಿಂತಿತು. ನಾನು ಬ್ರೇಕು ಒತ್ತಿದೆ. ಬ್ರೇಕು ಹಿಡಿಯಿತು. ಆದರೆ ಹಿಮ್ಮಡಿ ಊರಿದ್ದ ಹಲಗೆ ಲಟಕ್ಕೆಂದು ಮುರಿದು ಬಲಗಾಲು ಕೆಳಗಿಳಿದು ರಸ್ತೆ ಮುಟ್ಟಿತು. ಬ್ರೇಕು ಬಿಟ್ಟುಹೋಗಿ ಕಾರು ಮೂರು ಅಡಿ ಮುಂದೆ ಉರುಳಿತು. ಆ ಮೂರು ಅಡಿಯನ್ನು ನಾನೂ ಒಂದು ಕಾಲಿನಲ್ಲಿ ನಡೆದೆ, ಕುಳಿತುಕೊಂಡೇ. ಬಸ್ಸಿನ ಬೆನ್ನಿಗೆ ಮೂತಿ ತಾಗಿ ನಿಂತೆವು.

ಪಕ್ಕದಲ್ಲಿದ್ದ ಆಟೋದವನು ಬಗ್ಗಿ ಕೆಳಗೆ ನೋಡಿದ. "ಏನ್ ಸಾರ್, ಪೆಟ್ರೋಲ್ ಉಳಿಸ್ತಿದ್ದೀರಾ?" ಎಂದ.

ನನ್ನ ಹೆಂಡತಿ ಶಿವನಂಜಮ್ಮ ಸ್ಕೂಟರಿನಲ್ಲಿ ಬಂದಳು. ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬ್ಲೌಸು ಹೊಲಿಯುವವಳು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕಾರನ್ನು ಅವಳು ಮೊದಲಿನಿಂದ ಸವತಿ ಎಂದೇ ಕರೆಯುವುದು. ನನ್ನನ್ನು ನೋಡಿದಳು, ತೂತು ನೋಡಿದಳು. "ನನ್ನ ಸವತಿ ಕೊನೆಗೂ ನಿಮ್ಮ ಕಾಲು ಹಿಡ್ಕೊಂಡ್ಳು ಅನ್ನಿ," ಎಂದು ಹೇಳಿ ನನ್ನನ್ನು ಎತ್ತಿ ಆಟೋಗೆ ಹಾಕಿದಳು. ಅದೇ ಆಟೋ.

ಹಿಮ್ಮಡಿ ಗಂಟಿನ ಮೂಳೆ ಬಿರುಕು ಬಿಟ್ಟಿದೆ. ಆರು ವಾರ ಪ್ಲಾಸ್ಟರು. ಕಾರನ್ನು ಯಾರೋ ತಳ್ಳಿಕೊಂಡು ಬಂದು ನಮ್ಮ ಅಂಗಳದ ಶೆಡ್ಡಿಗೆ ಸೇರಿಸಿದ್ದಾರೆ.

ಜುಲೈ 9, ಮಂಗಳವಾರ

ವಿಜಯ್‌ಕುಮಾರ್ ನೋಡಲು ಬಂದಿದ್ದರು. ಹಳೆ ಕಾರು ಇಟ್ಟುಕೊಂಡವರ ನಮ್ಮ ಸಂಘದ ಅಧ್ಯಕ್ಷರು. ಕಡಕೊಳದಲ್ಲಿ ಅವರ ಕಾರ್ಖಾನೆಯಿದೆ. ಅದರ ಹಿಂದಿನ ಶೆಡ್ಡಿನಲ್ಲಿ ಹನ್ನೊಂದು ಹಳೆಯ ಕಾರುಗಳಿವೆ; ಹನ್ನೊಂದಕ್ಕೂ ಬಿಳಿ ಬಟ್ಟೆ ಹೊದಿಸಿದ್ದಾರೆ. ವರ್ಷಕ್ಕೊಮ್ಮೆ ಬಟ್ಟೆ ಸರಿಸಿ ಫೋಟೊ ತೆಗೆಸುತ್ತಾರೆ.

"ಡಾಕ್ಟ್ರು ಏನಂದ್ರು ಮೇಷ್ಟ್ರೆ?"

"ಪ್ಲಾಸ್ಟರ್ ಬಿಚ್ಚಿದ ಮೇಲೂ ನಾಕು ತಿಂಗಳು ಬ್ರೇಕ್ ಒತ್ತೋ ಹಂಗಿಲ್ವಂತೆ."

"ಅರವತ್ತೆರಡು ವರ್ಷಕ್ಕೆ ಯಾಕೆ ಬೇಕು ಸಾರ್ ಈ ಪಾಡು? ನೆಲ ಒಂದು ಸರಿ ಮಾಡ್ಸಿ ನಂಗೆ ಕೊಟ್ಬುಡಿ. ನನ್ನ ಶೆಡ್ಡಲ್ಲಿ ರಾಣಿ ಹಂಗಿರ್ತಾಳೆ."

ಅದೇ ಹೊತ್ತಿಗೆ ಕಾಲು ಚುಳುಕ್ಕೆಂದಿತು. ಹೂಂ ಅಂದುಬಿಟ್ಟೆ. ಬೆಲೆಯೂ ಕುದುರಿತು, ಆಗಸ್ಟ್ ಕೊನೆಯಲ್ಲಿ ಒಯ್ಯುವುದೆಂದು ಮಾತಾಯಿತು. ಕೈ ಕುಲುಕಿದೆ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತನಾಲ್ಕು ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದ ದೊರೆಸ್ವಾಮಿ, ಎಳೆದ ಗೆರೆ ಅಳಿಸುವವನಲ್ಲ.

ಶಿವನಂಜಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡು ಹೋದಳು. ಏನೂ ಅನ್ನಲಿಲ್ಲ. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದು ಕಾಣುತ್ತದೆ.

ಜುಲೈ 12, ಶುಕ್ರವಾರ

ಕೆಲಸದ ವ್ಯವಸ್ಥೆ ಹೀಗೆ: ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಸ್ಟೂಲಿನ ಮೇಲೆ ಕಾಲಿಟ್ಟು ನಾನು ಮೇಲ್ವಿಚಾರಣೆ ಮಾಡುವುದು. ಶಿವನಂಜಮ್ಮ ನಾನು ಹೇಳಿದಂತೆ ಬಿಚ್ಚುವುದು. ಆಷಾಢ ಬೇರೆ, ಮದುವೆಯಿಲ್ಲ, ಆದ್ದರಿಂದ ಬ್ಲೌಸೂ ಇಲ್ಲ. ಅವಳಿಗೂ ಹೊತ್ತು ಹೋಗಬೇಕಲ್ಲ.

ಆಷಾಢ ಶುಕ್ರವಾರವೆಂದು ಬೆಟ್ಟಕ್ಕೆ ಹೋಗಿ ದೇವಿಯ ದರ್ಶನ ಮಾಡಿ ಬಂದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರು ಹಿಡಿದಳು. ಸೀಟುಗಳು ಹೊರಗೆ ಬಂದವು. ಹಲಗೆಯ ಬೋಲ್ಟುಗಳು ಬರಲಿಲ್ಲ. ತುಕ್ಕು ಹಿಡಿದು ತಲೆ ಯಾವುದು ಮೈ ಯಾವುದು ಗೊತ್ತಾಗುವಂತಿರಲಿಲ್ಲ.

"ಸುತ್ತಿಗೆ ತಗೋ. ಹೊಡಿ," ಎಂದೆ.

"ಹೊಡುದ್ರೆ ಮುರಿಯುತ್ತೆ ಕಣ್ರೀ," ಎಂದು ಒಳಗೆ ಹೋಗಿ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ತಂದಳು. ಒಂದೊಂದು ಬೋಲ್ಟಿಗೂ ಮಗುವಿನ ಕಿವಿಗೆ ಹಾಕುವಂತೆ ಎರಡೆರಡು ತೊಟ್ಟು ಹಾಕಿ, "ನಾಳೆ ನೋಡಣ," ಎಂದಳು.

ಸೀಟಿನ ಅಡಿಯಲ್ಲಿ ಸಿಕ್ಕಿದ್ದು: ಎರಡು ಪೆನ್ನು, ಒಂದು ಸಿನಿಮಾ ಟಿಕೆಟ್ಟು, ನನ್ನ ಕನ್ನಡಕ. ಅದನ್ನು ಕಳೆದದ್ದು ಅವಳೇ ಎಂದು ಹದಿಮೂರು ವರ್ಷದ ಹಿಂದೆ ನಾನು ಒಂದು ವಾರ ಮುನಿಸಿಕೊಂಡಿದ್ದೆ. ಅವಳು ಅದನ್ನು ಸೆರಗಿನಲ್ಲಿ ಒರೆಸಿ ನನ್ನ ಮೂಗಿನ ಮೇಲಿಟ್ಟು ಮತ್ತೆ ಕೆಲಸಕ್ಕೆ ಬಗ್ಗಿದಳು. ಆ ಕನ್ನಡಕದಲ್ಲಿ ಈಗ ಏನೂ ಸರಿಯಾಗಿ ಕಾಣುವುದಿಲ್ಲ.

ಜುಲೈ 14, ಭಾನುವಾರ

ಬೋಲ್ಟುಗಳು ಬಂದವು. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಬೆಣ್ಣೆಯಂತೆ ಬಂದವು. ಮಿಕ್ಕ ಮೂರಕ್ಕೆ ಸುತ್ತಿಗೆ ಬೇಕಾಯಿತು. ಅಂದರೆ ನನ್ನ ಸಲಹೆಯೂ ಸರಿಯೇ.

ಹಲಗೆಗಳನ್ನು ಎತ್ತಲು ಹೋದರೆ ಹಳೆಯ ಮೈಸೂರು ಪಾಕಿನಂತೆ ಕೈಯಲ್ಲಿ ಪುಡಿಯಾದವು. ಗುರುತು ಸಿಗುವಂತೆ ಉಳಿದದ್ದು ಎರಡೇ ತುಂಡು. ಈಗ ಕಾರಿನೊಳಗೆ ನೋಡಿದರೆ ನಮ್ಮ ಅಂಗಳ ಕಾಣುತ್ತದೆ.

ಬೋಗಾದಿಯಿಂದ ಬಡಗಿ ಸಂತಿಯಾಗು ಬಂದರು. ಎಪ್ಪತ್ತರ ಆಸುಪಾಸು. ತಮ್ಮ ಚರ್ಚಿನ ಬೆಂಚುಗಳನ್ನೆಲ್ಲ ಮಾಡಿದವರು. ಮಾತು ಕಡಿಮೆ. ಉಳಿದ ಒಂದು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಳೆಗಾಲದಲ್ಲಿ ಚಕ್ರದಿಂದ ಸಿಡಿದ ನೀರು ಕೆಳಗಿನಿಂದ ಹೊಡೆದು ಹೀಗಾಗಿದೆ ಎಂದು ನಾನು ವಿವರಿಸಿದೆ.

"ಕೆಳಗಿಂದ ಬಂದಿಲ್ಲ ಸಾರ್," ಎಂದರು. "ಕೆಳಗಡೆ ಬಣ್ಣ ಹಂಗೇ ಐತೆ, ನೋಡಿ. ನೀರು ಮೇಲಿಂದ ಬಂದೈತೆ. ರಬ್ಬರ್ ಮ್ಯಾಟ್ ಅಡಿ ನಿಂತೂ ನಿಂತೂ ಕೊಳೆಸೈತೆ. ಗಾಡಿ ತೊಳೀತಿದ್ದೋರು ಯಾರು?"

ನಾನು ಆಕಾಶ ನೋಡಿದೆ. ಮೋಡ ಕವಿದಿತ್ತು.

ಶಿವನಂಜಮ್ಮ ಕುಕ್ಕರು ನೋಡಬೇಕೆಂದು ಒಳಗೆ ಹೋದವಳು ಸ್ವಲ್ಪ ಹೊತ್ತು ಬರಲಿಲ್ಲ. ಅಡುಗೆಮನೆಯಿಂದ ಸದ್ದು ಬರುತ್ತಿತ್ತು. ಕುಕ್ಕರಿನದಲ್ಲ.

ಜುಲೈ 18, ಗುರುವಾರ

ನಾಲ್ಕು ದಿನ ಕೂತು ನಕ್ಷೆ ಮುಗಿಸಿದೆ. ಮೇಲಿನ ನೋಟ, ಪಕ್ಕದ ನೋಟ, ಮುಂದಿನ ನೋಟ, ಅಳತೆಗಳೆಲ್ಲ ಮಿಲಿಮೀಟರಿನಲ್ಲಿ. ಕ್ಲಚ್ಚು, ಬ್ರೇಕುಗಳ ಕಂಡಿ, ಗೇರ್‌ಬಾಕ್ಸಿನ ಅಂಚು ಎಲ್ಲವೂ ಇದೆ. ನಿವೃತ್ತಿಯಾದ ಮೇಲೆ ಮಾಡಿದ ಅತ್ಯುತ್ತಮ ಕೆಲಸವೆಂದು ಹೇಳಬಹುದು. ಕಟ್ಟು ಹಾಕಿಸುವ ಯೋಚನೆಯಿದೆ.

ಸಂತಿಯಾಗು ಅದನ್ನು ಎರಡೂ ಕೈಯಲ್ಲಿ ಹಿಡಿದು ಗೌರವದಿಂದ ನೋಡಿದರು. ಒಳ್ಳೆ ಪ್ಲೈವುಡ್ಡಿಗೆ ಕೈ ಹಾಕುವ ಮೊದಲು ಒಂದು ಹಳೆಯ ಹಲಗೆಯಲ್ಲಿ ಪರೀಕ್ಷೆಗೆ ಕತ್ತರಿಸೋಣ ಎಂದರು. ಎಡಗಡೆಯದು ಕೂತಿತು. ಬಲಗಡೆಯದು ಮುಕ್ಕಾಲು ಇಂಚು ಆಚೆ ನಿಂತಿತು.

ನಾನು ಎಡಗಡೆ ಮಾತ್ರ ಅಳೆದು, ಬಲಗಡೆಗೆ ಅದನ್ನೇ ಮಗುಚಿದ್ದೆ. ಕಾರೆಂದ ಮೇಲೆ ಎರಡೂ ಕಡೆ ಒಂದೇ ಇರಬೇಕು. ಇದು ಮೂಲಭೂತ ಸಂಗತಿ.

"ಯಾರ ಎರಡು ಭುಜಾನೂ ಒಂದೇ ಸಮ ಇರಲ್ಲ ಕಣ್ರೀ," ಎಂದಳು ಶಿವನಂಜಮ್ಮ. "ಕೈಯಲ್ಲಿ ಬಡಿದು ಮಾಡಿದ ಗಾಡಿ ಇದು. ಎರಡೂ ಕಡೆ ಬೇರೆ ಬೇರೆ ಅಳತೆ ತಗೋಬೇಕು."

ಸಂತಿಯಾಗು ತಲೆಯಾಡಿಸಿದರು. ನನ್ನ ಕಡೆ ನೋಡಲಿಲ್ಲ.

ಜುಲೈ 21, ಭಾನುವಾರ

ಬೆಳಿಗ್ಗೆ ನಾನಿನ್ನೂ ಓದದ ಪತ್ರಿಕೆಯನ್ನು ಶಿವನಂಜಮ್ಮ ಕಾರಿನೊಳಗೆ ಹಾಸಿದಳು. ಹಿಂದಿನ ವಾರದವನ್ನೂ ಹಾಸಿದಳು. ಛಾಸಿಯ, ಅಂದರೆ ತಳದ ಚೌಕಟ್ಟಿನ, ಕಬ್ಬಿಣದ ಮೇಲೆ ಮಣೆ ಇಟ್ಟುಕೊಂಡು ಕೂತು, ಅಂಚಿನುದ್ದಕ್ಕೂ ಉಗುರಿನಲ್ಲಿ ಗೀರಿ, ಹೊಲಿಗೆಯ ಚಾಕ್‌ಪೀಸಿನಿಂದ ಗುರುತು ಮಾಡಿ, ಕತ್ತರಿ ಆಡಿಸತೊಡಗಿದಳು. ಸಂತಿಯಾಗು ಹೊರಗೆ ನಿಂತು ಕಾಗದದ ತುದಿ ಹಿಡಿದುಕೊಂಡಿದ್ದರು.

"ಈ ಬ್ರೇಕ್ ಪೆಡಲು ಒತ್ತಿದಾಗ ಎಷ್ಟು ಕೆಳಗೋಗುತ್ತೆ, ಒಂದ್ಸಲ ಒತ್ತಿ ಸಂತಿಯಾಗಪ್ಪ. ಕಂಡಿ ಬರೀ ಅದರ ಅಳತೆಗಿದ್ರೆ ಆಗಲ್ಲ. ಬ್ಲೌಸಿಗೆ ತೋಳು ಕೂರ್ಸೋವಾಗ ಕೈ ಎತ್ತಿದ್ರೆ ಹಿಡೀಬಾರ್ದು ಅಂತ ಬುಡ್ತೀವಲ್ಲ, ಹಂಗೆ ಬುಡಬೇಕು."

"ಸರಿ ತಾಯಿ," ಎಂದರು ಸಂತಿಯಾಗು. ಇಬ್ಬರೂ ಏನೋ ಹೇಳಿಕೊಂಡು ನಕ್ಕರು.

ನನಗೆ ಯಾಕೋ ತಡೆಯಲಾಗಲಿಲ್ಲ. "ಇದು ಬ್ಲೌಸ್ ಅಲ್ಲ, ಕಾರು. ಇದರ ಮೇಲೆ ಒಬ್ಬ ಮನುಷ್ಯನ ಪ್ರಾಣ ನಿಂತಿರುತ್ತೆ. ಗೊತ್ತಿಲ್ಲದ ವಿಷಯಕ್ಕೆ ಕೈ ಹಾಕಬೇಡ," ಎಂದೆ. ದನಿ ಸ್ವಲ್ಪ ಜೋರಾಯಿತು.

ಅವಳು ಚಾಕ್‌ಪೀಸನ್ನು ಛಾಸಿಯ ಮೇಲಿಟ್ಟು, ಇಳಿದು, ಒಳಗೆ ಹೋದಳು. ಸಂತಿಯಾಗು ಉಳಿಗಳನ್ನು ಚೀಲಕ್ಕೆ ತುಂಬಿಕೊಂಡರು.

"ನಾ ಬರ್ತೀನಿ ಸಾರ್. ಅಮ್ಮಾರು ಹೇಳಿ ಕಳ್ಸಿದ್ರೆ ಮತ್ತೆ ಬರ್ತೀನಿ."

ಅಮ್ಮಾರು ಹೇಳಿ ಕಳಿಸಿದರೆ, ಎಂದರು.

ಜುಲೈ 23, ಮಂಗಳವಾರ

ಬರೆಯುವುದಕ್ಕೇನೂ ಇಲ್ಲ. ಉಪ್ಪಿಟ್ಟು. ಅನ್ನ, ಸಾರು. ಅನ್ನ, ಸಾರು.

ಜುಲೈ 25, ಗುರುವಾರ

ಊಟ ಹೊತ್ತಿಗೆ ಸರಿಯಾಗಿ ಬರುತ್ತಿದೆ, ಮಾತ್ರೆ ಬರುತ್ತಿದೆ, ಮಾತು ಬರುತ್ತಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲ. ಹೊಲಿಗೆ ಯಂತ್ರದ ಸದ್ದೂ ಇಲ್ಲ. ಈ ಮನೆಯಲ್ಲಿ ಇಷ್ಟು ಗಡಿಯಾರಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅವಳು ಮಲಗಿದ್ದಾಗ ಊರುಗೋಲು ಹಾಕಿಕೊಂಡು ಶೆಡ್ಡಿಗೆ ಹೋದೆ. ಪತ್ರಿಕೆಯ ತುಂಡುಗಳು ಕಾರಿನಲ್ಲೇ ಬಿದ್ದಿದ್ದವು. ಒಂದನ್ನು ತೆಗೆದು ನನ್ನ ನಕ್ಷೆಯ ಮೇಲಿಟ್ಟು ನೋಡಿದೆ. ಬಲಗಡೆ ಮುಕ್ಕಾಲು ಇಂಚು ವ್ಯತ್ಯಾಸ, ಸರಿಯಾಗಿ. ಬ್ರೇಕಿನ ಕಂಡಿ ನನ್ನದಕ್ಕಿಂತ ದೊಡ್ಡದು. ಯೋಚಿಸಿದರೆ, ನನ್ನ ಅಳತೆಯಲ್ಲಿ ಮಾಡಿದ್ದರೆ ಪೆಡಲು ಪೂರ್ತಿ ಒತ್ತಿದಾಗ ಹಲಗೆಗೆ ಸಿಕ್ಕಿಕೊಳ್ಳುತ್ತಿತ್ತು. ಒಬ್ಬ ಮನುಷ್ಯನ ಪ್ರಾಣ ಎಂದಿದ್ದೆನಲ್ಲ.

ತುಂಡುಗಳನ್ನು ಒಳಗೆ ತಂದು, ಇಸ್ತ್ರಿ ಹಾಕಿ ಮಡಿಕೆ ತೆಗೆದೆ. ನಕ್ಷೆ ಬರೆಯುವ ಪೆನ್ನಿನಲ್ಲಿ ಒಂದೊಂದರ ಮೇಲೂ ಅಚ್ಚಿನಂಥ ಅಕ್ಷರದಲ್ಲಿ ಬರೆದೆ: ಎಡ ಮುಂಭಾಗ, ಬಲ ಮುಂಭಾಗ, ಎಡ ಇಳಿಜಾರು, ಹೀಗೆ. ಯಾವ ನಕ್ಷೆಗೂ ಬಲ ಮೂಲೆಯಲ್ಲಿ ಒಂದು ಚೌಕವಿರಬೇಕು. ಅದನ್ನೂ ಎಳೆದು ತುಂಬಿದೆ. ರಚನೆ: ಶಿವನಂಜಮ್ಮ. ಪರಿಶೀಲನೆ: ದೊರೆಸ್ವಾಮಿ.

ಅವಳ ಮೇಜಿನ ಮೇಲಿಟ್ಟು ಬಂದೆ.

ಸಂಜೆ ಕಾಫಿಯ ಜೊತೆ ಕೋಡುಬಳೆ ಬಂತು. ಆ ಕಾಗದಗಳನ್ನು ಹೋಗಿ ನೋಡಿದೆ. ಎಲ್ಲದರಲ್ಲೂ "ಪರಿಶೀಲನೆ" ಎಂಬ ಸಾಲನ್ನು ನೀಲಿ ಚಾಕ್‌ಪೀಸಿನಲ್ಲಿ ಹೊಡೆದುಹಾಕಿದ್ದಳು.

ಸಂತಿಯಾಗು ಅವರಿಗೆ ಫೋನು ಹೋಗಿದೆ.

ಜುಲೈ 28, ಭಾನುವಾರ

ಆರು ತುಂಡುಗಳೂ ಕೂತವು. ಒಂದೇ ಒಂದು ಕಡೆ ಕೀಸುಳಿಯಲ್ಲಿ ಎರಡು ಎಳೆ ತೆಗೆಯಬೇಕಾಯಿತು. ಸಂತಿಯಾಗು ಹಲಗೆಯ ಮೇಲೆ ಮೊದಲು ಅಂಗೈ ಊರಿ ನೋಡಿದರು, ಆಮೇಲೆ ಮೊಣಕಾಲು ಊರಿದರು, ಆಮೇಲೆ ಪೂರ್ತಿ ಹತ್ತಿ ನಿಂತು ಒಂದು ಸಲ ಕುಪ್ಪಳಿಸಿದರು. ಎಪ್ಪತ್ತು ವರ್ಷದವರು.

ನೀರಿಗೆ ಜಗ್ಗದ ಪ್ಲೈವುಡ್ಡು. ಮೇಲ್ಗಡೆ ಮೂರು ಕೋಟು ಕಪ್ಪು ಬಣ್ಣ ಸಾಕು ಎಂದೆ. "ಒಳಗಡೇನೂ ಹೊಡೀಬೇಕು, ಅಂಚಿಗೂ ಹೊಡೀಬೇಕು. ಲೈನಿಂಗ್ ಇಲ್ದೆ ರೇಷ್ಮೆ ಬ್ಲೌಸ್ ಹೊಲೀತಾರಾ ಯಾರಾದ್ರೂ," ಎಂದಳು. ಹೊಡೆದೆ. ಹೌದು, ನಾನೇ ಹೊಡೆದೆ. ಕುರ್ಚಿಯ ಮುಂದೆ ಹಲಗೆ ತಂದಿಟ್ಟರೆ ಬ್ರಷ್ಷಾಡಿಸುವುದಕ್ಕೆ ಕಾಲೇನೂ ಬೇಕಿಲ್ಲ. ಮೇಲ್ವಿಚಾರಣೆಯ ನಡುವೆ ಇಂಥ ಸಣ್ಣಪುಟ್ಟ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಉಪ್ಪು ಕಾಗದ ಉಜ್ಜುವುದು, ಬೋಲ್ಟು ಎಣಿಸಿ ತಟ್ಟೆಯಲ್ಲಿಡುವುದು, ಕೇಳಿದಾಗ ಕೊಡುವುದು.

ಆಗಸ್ಟ್ 4, ಭಾನುವಾರ

ಭೀಮನ ಅಮಾವಾಸ್ಯೆ. ಹೆಂಡತಿಯರು ಗಂಡಂದಿರ ಪಾದಪೂಜೆ ಮಾಡುವ ದಿನ. ಶಿವನಂಜಮ್ಮ ತಟ್ಟೆ ಹಿಡಿದು ಬಂದು ನನ್ನ ಎರಡು ಕಾಲನ್ನೂ ನೋಡಿ ಸ್ವಲ್ಪ ಯೋಚಿಸಿದಳು. ಎಡಗಾಲನ್ನು ನೀರಿನಲ್ಲಿ ತೊಳೆದಳು. ಪ್ಲಾಸ್ಟರಿನ ಮೇಲೆ ಒದ್ದೆ ಬಟ್ಟೆಯಾಡಿಸಿ, ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟಳು. ಬೆರಳುಗಳು ಮಾತ್ರ ಆಚೆ ಕಾಣುತ್ತಿದ್ದವು.

ಆಶೀರ್ವಾದ ಮಾಡಿ, "ಏನು ಬೇಕು, ಕೇಳು," ಎಂದೆ. ಸೀರೆ ಕೇಳುತ್ತಾಳೆ ಅಂದುಕೊಂಡಿದ್ದೆ.

"ನಾಳೆಯಿಂದ ಶ್ರಾವಣ. ವರಮಹಾಲಕ್ಷ್ಮಿಗೆ ಅರವತ್ತು ಬ್ಲೌಸ್ ಬಂದು ಕೂತವೆ. ಹುಕ್ಸ್ ಹೊಲ್ಕೊಡ್ತೀರಾ?"

ಆಗಸ್ಟ್ 7, ಬುಧವಾರ

ಒಂದು ಬ್ಲೌಸಿಗೆ ಆರು ಹುಕ್ಕು. ಇವತ್ತು ಒಂಬತ್ತು ಬ್ಲೌಸು. ಸೂಜಿ ನಾಲ್ಕು ಸಲ ಚುಚ್ಚಿತು.

ಆಗಸ್ಟ್ 10, ಶನಿವಾರ

ಹದಿನಾಲ್ಕು ಬ್ಲೌಸು. ಚುಚ್ಚಲಿಲ್ಲ. ಹುಕ್ಕುಗಳ ನಡುವಿನ ಅಂತರಕ್ಕೆ ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡಿದ್ದೇನೆ. ಶಿವನಂಜಮ್ಮ ಆ ಅಚ್ಚನ್ನು ತಿರುಗಿಸಿ ನೋಡಿ, "ಇದು ಚೆನ್ನಾಗಿದೆ," ಎಂದಳು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಪ್ರಿನ್ಸಿಪಾಲರು ಯಾರೂ ಹೀಗಂದ ನೆನಪಿಲ್ಲ.

ಆಗಸ್ಟ್ 14, ಬುಧವಾರ

ಜೂಲಿ ಎಂಬುವರು ತಮ್ಮ ಬ್ಲೌಸು ಒಯ್ಯಲು ಬಂದಿದ್ದರು. ಮುಂದಿನ ತಿಂಗಳ ಮೇರಿಯಮ್ಮನ ಹಬ್ಬಕ್ಕೆ ಈಗಲೇ ಹೊಲಿಸಿಟ್ಟುಕೊಳ್ಳುವ ಮುಂಜಾಗ್ರತೆಯವರು. ತಿರುಗಿಸಿ ನೋಡಿ, "ಈ ಸಲ ಹುಕ್ಸ್ ಎಷ್ಟು ನೀಟಾಗಿದೆ ಆಂಟಿ. ಹೊಸಬ್ರನ್ನ ಇಟ್ಕೊಂಡಿದ್ದೀರಾ?" ಎಂದರು.

"ಹೂಂ. ಕಾಲು ಮುರ್ಕೊಂಡು ಬಂದ್ರು, ಇಟ್ಕೊಂಡೆ."

ಒಳಗಿನ ಕೋಣೆಯಲ್ಲಿದ್ದ ನಾನು ದಾರ ಕಚ್ಚಿ ಕತ್ತರಿಸುತ್ತಿದ್ದೆ. ಇನ್ನೂ ಎಂಟು ಬಾಕಿ ಇದ್ದವು.

ಆಗಸ್ಟ್ 18, ಭಾನುವಾರ

ನಿನ್ನೆ ಪ್ಲಾಸ್ಟರು ಬಿಚ್ಚಿದರು. ಕಾಲು ನುಗ್ಗೇಕಾಯಿಯಾಗಿದೆ. ಮೆತ್ತಗೆ ನಡೆಯಬಹುದು, ಒತ್ತುವಂತಿಲ್ಲ.

ಹಬ್ಬ ಮುಗಿಯಿತಲ್ಲ, ಇವತ್ತು ಹಲಗೆ ಕೂರಿಸಿದೆವು. ಮರಕ್ಕೂ ಕಬ್ಬಿಣಕ್ಕೂ ನಡುವೆ ದಪ್ಪ ಉಣ್ಣೆಬಟ್ಟೆಯ ಪಟ್ಟಿ. ಹೊಸ ಬೋಲ್ಟುಗಳು ಇಪ್ಪತ್ತೆರಡು. ಸಂತಿಯಾಗು ಕಾರಿನಡಿ ಮಲಗಿ ಕೆಳಗಿನಿಂದ ನಟ್ಟು ಹಿಡಿದರು, ಶಿವನಂಜಮ್ಮ ಮೇಲಿನಿಂದ ತಿರುಗಿಸಿದಳು, ನಾನು ಒಂದೊಂದೇ ಕೊಟ್ಟೆ. ಸೀಟುಗಳು ಕೂತವು.

"ಒಂದ್ಸಲ ಚಾಲೂ ಮಾಡಿ ನೋಡಬೇಕಲ್ಲ ಸಾರ್," ಎಂದರು ಸಂತಿಯಾಗು. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ನನಗೆ ಬರುತ್ತದೆ, ಕಾಲಿಲ್ಲ.

ಶಿವನಂಜಮ್ಮ ಕೈ ಚಾಚಿದಳು. ಕೀ ಕೊಟ್ಟೆ.

ಅವಳು 2009ರಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸು ತೆಗೆದುಕೊಂಡವಳು. ಈ ಕಾರಿನ ಕೀಯನ್ನು ಒಮ್ಮೆಯೂ ಕೇಳಿದವಳಲ್ಲ. ಇಲ್ಲ, ಇದು ನನ್ನ ಡೈರಿ, ಸರಿಯಾಗಿ ಬರೆಯಬೇಕು. ಎರಡು ಸಲ ಕೇಳಿದ್ದಳು. ಕ್ಲಚ್ಚು ಬಿಗಿ, ಹೆಂಗಸರ ಕಾಲಿಗೆ ಆಗುವುದಿಲ್ಲ ಎಂದಿದ್ದೆ.

ಕ್ಲಚ್ಚು ಒತ್ತಿದಳು. ಕಾರು ಶೆಡ್ಡಿನಿಂದ ಆಚೆ ಬಂದು, ಗೇಟಿನವರೆಗೆ ಹೋಗಿ, ನಿಂತಿತು. ಹಾಗೇ ಹಿಂದಕ್ಕೂ ಬಂತು. ಹೊಸ ಹಲಗೆ ಒಂದು ಸಲವೂ ಕಿರುಗುಟ್ಟಲಿಲ್ಲ. ಇಳಿದು ಕೀಯನ್ನು ನನ್ನ ಕೈಗಿಟ್ಟು, "ಯಾವತ್ತು ಬರ್ತಾರಂತೆ ವಿಜಯ್‌ಕುಮಾರ್?" ಎಂದು ಕೇಳಿದಳು.

"ಮುಂದಿನ ಭಾನುವಾರ."

"ಸರಿ," ಎಂದು ಒಳಗೆ ಹೋದಳು.

ಆಗಸ್ಟ್ 22, ಗುರುವಾರ

ವಿಜಯ್‌ಕುಮಾರ್ ಫೋನು. ಲಾರಿಗೆ ಹೇಳಿದ್ದಾರಂತೆ. ಬಿಳಿ ಬಟ್ಟೆಯನ್ನೂ ಹೊಲಿಸಿದ್ದಾರಂತೆ. ಹೊಲಿಗೆ ಚೆನ್ನಾಗಿರಲಾರದು.

ಗೌರಿ ಹಬ್ಬದ ಬ್ಲೌಸುಗಳು ಬರಲು ಶುರುವಾಗಿವೆ. ಹತ್ತು ಮುಗಿಸಿದೆ. ಒಂದರಲ್ಲಿ ಹುಕ್ಕನ್ನು ತಿರುಗುಮುರುಗಾಗಿ ಹೊಲಿದುಬಿಟ್ಟಿದ್ದೆ. ಬಿಚ್ಚಿ ಮತ್ತೆ ಹೊಲಿದೆ.

ಆಗಸ್ಟ್ 25, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಗೆ ವಿಜಯ್‌ಕುಮಾರ್ ಬಂದರು. ಹಿಂದೆಯೇ ಲಾರಿ ಬಂತು. ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಲು ಸಂತಿಯಾಗು ಬೆಳಿಗ್ಗೆಯೇ ಬಂದಿದ್ದರು. ವಿಜಯ್‌ಕುಮಾರ್ ನೆಲ ನೋಡಿ, ಬಗ್ಗಿ, ಬೆರಳ ಗಿಣ್ಣಿನಲ್ಲಿ ತಟ್ಟಿ ನೋಡಿ, "ಯಾರ್ ಸಾರ್ ಮಾಡಿದ್ದು? ಇಂಗ್ಲೆಂಡಿಂದ ತರಿಸಿದ ಹಂಗಿದೆ," ಎಂದರು.

ಶಿವನಂಜಮ್ಮ ಕಾರಿನೊಳಗೆ ಕೂತಿದ್ದಳು. ಚಾಲಕನ ಸೀಟಿನಲ್ಲಿ. ಕತ್ತಿನಲ್ಲಿ ಟೇಪು.

"ಅಮ್ಮ, ಸ್ವಲ್ಪ ಇಳೀತೀರಾ? ಗಾಡಿ ಹತ್ತಿಸ್ಬೇಕು."

"ಕಾರು ನಮ್ಮೆಜಮಾನ್ರದು. ಅವರು ಮಾತು ಕೊಟ್ಟವ್ರೆ. ಒಯ್ಕೊಂಡೋಗಿ," ಎಂದಳು. "ನೆಲ ನಂದು. ನೆಲ ಬುಟ್ಟು ಮಿಕ್ಕಿದ್ದು ಒಯ್ಕೊಂಡೋಗಿ."

ವಿಜಯ್‌ಕುಮಾರ್ ನಕ್ಕರು. ಅವಳು ನಗಲಿಲ್ಲ. ಅವರೂ ನಿಲ್ಲಿಸಿದರು.

"ನೆಲ ಇಲ್ದೆ ಕಾರು ತಗೊಂಡು ನಾನೇನ್ ಮಾಡ್ಲಿ ತಾಯಿ?"

"ನೆಲ ಇದ್ದೂ ನೀವೇನು ಮಾಡ್ತೀರಿ? ಬಟ್ಟೆ ಹೊದಿಸ್ತೀರಿ."

ಸಂತಿಯಾಗು ಸ್ಪ್ಯಾನರನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡರು.

ನಾನು ಹತ್ತಿರ ಹೋದೆ. "ನಿನಗೆ ಈ ಕಾರು ಕಂಡ್ರೆ ಆಗ್ತಿರ್ಲಿಲ್ಲವಲ್ಲ? ಸವತಿ ಅಂತಿದ್ದೆ," ಎಂದು ಮೆತ್ತಗೆ ಕೇಳಿದೆ.

"ಇಪ್ಪತ್ತನಾಕು ವರ್ಷ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಸುತ್ತಿಸಿದ್ರಿ. ನಾನು ನೋಡ್ಕೊಂಡೇ ಕೂತಿದ್ದೆ ಕಣ್ರೀ, ಯಾವಾಗ ಯಾವ ಗೇರು ಹಾಕ್ತೀರಿ ಅಂತ. ಗಾಡಿ ಮೇಲೆ ನಂಗೆ ಯಾವತ್ತು ಸಿಟ್ಟಿತ್ತು? ನಿಮ್ಮ ಮೇಲಿತ್ತು."

ವಿಜಯ್‌ಕುಮಾರ್ ಸಾಕೆಂಬಂತೆ ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ಇದು ನಿಮ್ಮ ಮನೆ ವಿಷ್ಯ. ನಮ್ಮಿಬ್ರ ಮಾತು ಏನಾಗಿತ್ತು? ನೆಲ ಸರಿ ಮಾಡ್ಸಿ ಕೊಡ್ತೀನಿ ಅಂದಿದ್ರಿ. ಕೈ ಕೊಟ್ಟಿದ್ರಿ."

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕೊಟ್ಟ ಮಾತಿಗೆ ಒಂದು ವಿವರಣೆ ಹುಡುಕಿದೆ. ಮೇಷ್ಟರುಗಳಿಗೆ ವಿವರಣೆ ಸುಲಭವಾಗಿ ಸಿಗುತ್ತದೆ. ಇವತ್ತು ಸಿಗಲಿಲ್ಲ.

"ಹೌದು, ಅಂದಿದ್ದೆ," ಎಂದೆ. "ಕೊಡಲ್ಲ. ಮಾತಿಗೆ ತಪ್ತಾ ಇದ್ದೀನಿ. ಸಂಘದಲ್ಲಿ ಎಲ್ರಿಗೂ ಹಾಗೇ ಹೇಳಿ. ದೊರೆಸ್ವಾಮಿ ಮಾತಿಗೆ ತಪ್ಪಿದ ಅಂತ."

ಹೇಳುವಾಗ ಕಿವಿ ಬಿಸಿಯಾಗಿದ್ದು ನಿಜ. ಅವರು ಲಾರಿಯವನಿಗೆ ಕೈ ಮಾಡಿದರು. "ಹೇಳ್ತೀನಿ," ಎಂದು ಹೊರಟುಹೋದರು. ಖಾಲಿ ಲಾರಿ ನಮ್ಮ ರಸ್ತೆಯಲ್ಲಿ ತಿರುಗಲು ಕಷ್ಟಪಟ್ಟು ಒಂದು ಹೂಕುಂಡ ಒಡೆಯಿತು.

ಶಿವನಂಜಮ್ಮ ಸ್ಟೀರಿಂಗು ಹಿಡಿದೇ ಕೂತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಂತಿಯಾಗಪ್ಪ, ಊಟ ಮಾಡ್ಕೊಂಡೇ ಹೋಗ್ಬೇಕು," ಎಂದಳು.

ಆಗಸ್ಟ್ 29, ಗುರುವಾರ

ಸಂಘದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದಾರೆ.

ಸಂಜೆ ವಿಜಯ್‌ಕುಮಾರ್ ಫೋನು ಮಾಡಿದರು. ನನ್ನ ಜೊತೆ ಮಾತಿಗಲ್ಲ. ಅವರ ಹನ್ನೊಂದು ಕಾರುಗಳಲ್ಲಿ ಮೂರಕ್ಕೆ ಮರದ ನೆಲವಂತೆ. ಬಟ್ಟೆ ತೆಗೆದು ನೋಡಿದರೆ ಮೂರೂ ಕೊಳೆತಿವೆಯಂತೆ. ಬೋಗಾದಿಗೆ ಹೋಗಿ ಕೇಳಿದ್ದಾರೆ. ಅಮ್ಮಾರು ಪೇಪರಲ್ಲಿ ಕತ್ತರಿಸಿ ಕೊಟ್ಟರೆ ಮಾತ್ರ ಮರ ಮುಟ್ಟುತ್ತೇನೆಂದು ಸಂತಿಯಾಗು ಹೇಳಿ ಕಳಿಸಿದರಂತೆ.

"ಗೌರಿ ಹಬ್ಬ ಮುಗೀಲಿ," ಎಂದು ಶಿವನಂಜಮ್ಮ ಫೋನಿಟ್ಟಳು.

ಸೆಪ್ಟೆಂಬರ್ 1, ಭಾನುವಾರ

ಕಾರು ತೊಳೆಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಬೆಳಿಗ್ಗೆ ಏಳಕ್ಕೆ ಹೊರಟೆವು, ನಂಜನಗೂಡು ರಸ್ತೆಯಲ್ಲಿ. ಶಿವನಂಜಮ್ಮ ಓಡಿಸಿದಳು. ನನ್ನ ಕಾಲು ಪೂರ್ತಿ ವಾಸಿಯಾಗುವವರೆಗಿನ ತಾತ್ಕಾಲಿಕ ವ್ಯವಸ್ಥೆ. ನಾನು ಪಕ್ಕದಲ್ಲಿ ಕೂತು, ಅಗತ್ಯವಿದ್ದಾಗ ಸೂಚನೆ ಕೊಟ್ಟೆ. ರೈಲ್ವೆ ಗೇಟಿನವರೆಗೆ ಬಹಳ ಅಗತ್ಯವಿತ್ತು. ಆಮೇಲೆ ಅಷ್ಟಿರಲಿಲ್ಲ. ಕಡಕೊಳ ದಾಟುವ ಹೊತ್ತಿಗೆ ನಾನು ಎರಡೂ ಕಡೆಯ ಗದ್ದೆ ನೋಡುತ್ತಿದ್ದೆ. ಈ ರಸ್ತೆಯ ಬದಿಯಲ್ಲಿ ಇಷ್ಟು ಗದ್ದೆಯಿದೆಯೆಂದು ತಿಳಿದಿರಲಿಲ್ಲ. ನಾನು ಯಾವಾಗಲೂ ಮುಂದಿನ ರಸ್ತೆಯನ್ನೇ ನೋಡಿದವನು.

ಅವಳು ಚಪ್ಪಲಿ ಬಿಚ್ಚಿ ಸೀಟಿನ ಹಿಂದಿಟ್ಟಿದ್ದಳು. ಬರಿಗಾಲಿನಲ್ಲಿ ಓಡಿಸುತ್ತಿದ್ದಳು. ಹಾಗೆ ಮಾಡಬಾರದು ಎಂದು ಹೇಳಲು ಬಾಯಿ ತೆರೆದೆ.

"ನೆಲ ಬೆಚ್ಚಗಿದೆ ಕಣ್ರೀ," ಎಂದಳು.

"ಏನು?"

"ಎಂಜಿನ್ ಬಿಸಿ ಹಲಗೆಗೆ ಬಂದಿದೆ. ಕಾಲಿಟ್ಟು ನೋಡಿ."

ಚಪ್ಪಲಿ ಬಿಚ್ಚಿ, ಎಡಗಾಲಿಟ್ಟೆ. ಆಮೇಲೆ, ಹುಷಾರಾಗಿ, ಬಲಗಾಲನ್ನೂ ಇಟ್ಟೆ. ನಿಜ. ಬಿಸಿಲಿಗೆ ಹಾಕಿದ ಮಣೆಯ ಹಾಗೆ ಬೆಚ್ಚಗಿತ್ತು. ಇಪ್ಪತ್ತನಾಲ್ಕು ವರ್ಷ ಬೂಟು ಹಾಕಿಕೊಂಡು ಓಡಿಸಿದ್ದೆ.

ನಂಜನಗೂಡಿನಲ್ಲಿ ಇಡ್ಲಿ ತಿಂದೆವು. ಬರುವಾಗಲೂ ಅವಳೇ ಓಡಿಸಿದಳು. ನಾನು ಕೀ ಕೇಳಲಿಲ್ಲ.